ನಲವತ್ತೇಳನೆಯ ಮಸೂರ

ಮಾಸ್ಕಿನಿಂದ ನುಗ್ಗಿದ ಉಸಿರಿಗೆ ಕನ್ನಡಕ ಮಬ್ಬಾಗಿ ಮೇಜು, ದೀಪ, ಮಂಜುಗಡ್ಡೆಯ ಪೆಟ್ಟಿಗೆ ಎಲ್ಲ ಒಂದೇ ಬಿಳಿ ಮುದ್ದೆ, ಒರೆಸಿಕೊಳ್ಳೋಣವೆಂದರೆ ಕೈಗವಸು, ಗವಸು ಹಾಕಿದ ಮೇಲೆ ಮುಖ ಮುಟ್ಟುವ ಹಾಗಿಲ್ಲ, ಒಂದಿಷ್ಟು ಬೆವರು ತಾಗಿದರೂ ಜೀವಕೋಶದೊಳಗಿನ ಆರ್‌ಎನ್‌ಎ, ಜೀನುಗಳು ಕಳಿಸುವ ಸಂದೇಶ, ಚೂರುಚೂರು, ತಾನಾಗಿಯೇ ತಿಳಿಯಾಗಲಿ ಎಂದು ನಿಂತಿದ್ದೇನೆ, ಐದಕ್ಕೆ ಎದ್ದ ಕಾಲುಗಳು ನಿಂತಲ್ಲೇ ತೂಕಡಿಸುತ್ತಿವೆ, ಮಗಳ ಜಡೆ ಇವತ್ತು ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ, ಅಮ್ಮಾ ನಾನು ವಾಲಿದೀನಾ ಎಂದು ಕೇಳಿಕೊಂಡೇ ಶಾಲೆಗೆ ಹೋದಳು — ಹಾಂ, ತಿಳಿಯಾಯಿತು, ಶೀಶೆಯ ಮೇಲೆ ನಲವತ್ತೇಳು, ಹೆಣ್ಣು, ವಯಸ್ಸು ಎಂಬತ್ನಾಲ್ಕು, ಅಷ್ಟೇ, ಇಲ್ಲಿ ಹೆಸರು ಬರೆಯುವುದಿಲ್ಲ, ಆದರೆ ನಿನ್ನೆ ಸಂಜೆ ನೇತ್ರಬ್ಯಾಂಕಿನವರಿಗೆ ಬಾಗಿಲು ತೆಗೆದವಳು ನಾನೇ, ನಮ್ಮ ಕೆಳಗಿನ ಮನೆ, ಊರವರ ಅಂಗಿಗಳಿಗೆಲ್ಲ ಗುಂಡಿ ಹಚ್ಚಿಕೊಟ್ಟ ಗುಂಡಿ ಅಜ್ಜಿಯ ಮನೆ, ನಾನು ಕೆಲಸ ಮುಗಿಸಿ ಬರುವವರೆಗೆ ಐದು ವರ್ಷ ನನ್ನ ಮಗಳನ್ನು ಕೂರಿಸಿಕೊಂಡ ಮನೆ, ಅಕ್ಕಾ, ಅಮ್ಮನ ಕಣ್ಣು ನಿಮ್ಮಲ್ಲಿಗೇ ಬರುತ್ತಾ ಎಂದು ಅಜ್ಜಿಯ ಮಗಳು ಕೇಳಿದ್ದಕ್ಕೆ, ಮುಂದಿನ ಪಾರದರ್ಶಕ ಪಟಲ ಇಬ್ಬರಿಗೆ ಹಾಕ್ತಾರಮ್ಮ, ಒಳಗಿನ ಮಸೂರ ಪರೀಕ್ಷೆಗೆ, ನಮಗೆ ಬರೋದು ಬರೀ ನಂಬರು ಎಂದಿದ್ದೆ, ನಂಬರು ಬಂದಿದೆ.

ಮೂರು ವರ್ಷದಲ್ಲಿ ನಲವತ್ತಾರು ಮಸೂರ, ಚಿಕ್ಕವರದ್ದು ತಿಳಿ, ಮುದುಕರದ್ದು ಜೇನಿನ ಬಣ್ಣದ್ದು, ಕಂದು, ಸುಣ್ಣದ ನೀರಿನಂಥದ್ದು, ಪೊರೆ ಬಂದ ಕಣ್ಣಿನಲ್ಲಿ ಯಾವ ಜೀನ್ ದನಿ ತಗ್ಗಿಸಿತು, ಯಾವುದು ಗಂಟಲು ಹರಿದುಕೊಳ್ಳುತ್ತಿದೆ ಎಂದು ಹೋಲಿಸಿ ನೋಡಲು ಪೊರೆ ಬಾರದ ಮುದಿ ಕಣ್ಣು ಬೇಕು, ಒಂದೂ ಸಿಕ್ಕಿರಲಿಲ್ಲ, ಎಂಬತ್ತು ದಾಟಿದ ತಿಳಿ ಮಸೂರ ಒಂದೇ ಒಂದು ತನ್ನಿ, ನಾನು ನಗ್ತಾ ನಗ್ತಾ ರಿಟೈರಾಗ್ತೀನಿ ಎನ್ನುತ್ತಾರೆ ದೊಡ್ಡ ಮೇಡಂ, ಆಮೇಲೆ ಬೆರಳೆತ್ತಿ, ಫೋಟೋಗೆ ಅಂತ ಐಸಿನಿಂದ ಹೊರಗಿಡೋದು ಮೂರೇ ನಿಮಿಷ, ಮೂರು ದಾಟಿದ್ದನ್ನ ನನ್ನ ಹತ್ತಿರ ತರಬೇಡಿ — ಸರಿ, ಗಡಿಯಾರ ಒತ್ತಿದೆ, ಗೆರೆ ಹಾಕಿದ ಗಾಜಿನ ಮೇಲೆ ಮೆಲ್ಲಗೆ ಇಳಿಸಿದೆ, ಬೇಳೆಕಾಳಿನ ಗಾತ್ರದ್ದು, ತಿಳಿ ಚಹಾದಷ್ಟೇ ಹಳದಿ, ಮತ್ತೆ ಗೆರೆಗಳು, ಅಯ್ಯೋ ಗೆರೆಗಳು, ಈ ಅಂಚಿನಲ್ಲಿ ಒಳಹೊಕ್ಕವು ಎಲ್ಲೂ ಮಾಸದೆ ಆ ಅಂಚಿನಲ್ಲಿ ಹೊರಬರುತ್ತಿವೆ, ಒಂದೊಂದೂ ಎಣಿಸಬಹುದು, ಎಂಬತ್ನಾಲ್ಕು ವರ್ಷ, ಬಿಸಿಲು, ಹೊಲಿಗೆ ಯಂತ್ರದ ಪುಟ್ಟ ಬಲ್ಬು, ಕಪ್ಪು ಬಟ್ಟೆಗೆ ಕಪ್ಪು ದಾರ, ಏ ಲ್ಯಾಬಿನವಳೇ, ಕೋಟಿ ರೂಪಾಯಿ ಮಿಷನ್ ಇಟ್ಕೊಂಡಿದೀಯ, ಒಂದು ಸೂಜಿಗೆ ದಾರ ಹಾಕಕ್ಕೆ ಬರಲ್ವಲ್ಲೇ ನಿಂಗೆ, ಕೊಡು ಇಲ್ಲಿ ಎನ್ನುತ್ತಿದ್ದರು ಅಜ್ಜಿ, ಕೊಟ್ಟರೆ ಮೊದಲ ಸಲಕ್ಕೇ ದಾರ ಆಚೆ, ಇದರ ಮೂಲಕ, ನನ್ನ ಕಣ್ಣ ಕೆಳಗಿರುವ ಇದರ ಮೂಲಕವೇ, ಇದರ ನಟ್ಟನಡುವಿನ ಎಳೆಗಳು ಅಜ್ಜಿ ಹುಟ್ಟುವ ಮೊದಲೇ, ಅವರಮ್ಮನ ಹೊಟ್ಟೆಯ ಕತ್ತಲಲ್ಲಿ ನೇಯ್ದವು, ಬೆಳಕೆಂದರೇನೆಂದು ತಿಳಿಯುವ ಮುನ್ನ ಬೆಳಕಿಗೆಂದೇ ನೇಯ್ದವು, ಬೆಳಕಿಗೆ ಅಡ್ಡ ಬಾರದಿರಲೆಂದು ತಮ್ಮ ಜೀವಕೇಂದ್ರವನ್ನೇ ಕಳಚಿಕೊಂಡವು, ಆಮೇಲೆ ಹೊಸ ಪ್ರೋಟೀನಿಲ್ಲ, ರಿಪೇರಿಯಿಲ್ಲ, ಚರ್ಮ ಬದಲಾಯಿತು, ರಕ್ತ ಬದಲಾಯಿತು, ಇದು ಮಾತ್ರ ಅದೇ, ಮುಂಬದಿಯಲ್ಲಿ ಒಂದೇ ಸಾಲು ಜೀವಕೋಶ, ಈರುಳ್ಳಿ ಪೊರೆಗಿಂತ ತೆಳು, ಅಲ್ಲಿ ಮಾತ್ರ ಜೀನುಗಳು ಇನ್ನೂ ಮಾತಾಡುತ್ತವೆ, ಏನು ಹೇಳಿಕೊಂಡಿದ್ದಿರಿ ಅಜ್ಜಿ ನಿಮ್ಮ ಕಣ್ಣಿಗೆ, ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟಾಗದ ಹಾಗೆ ಬಿಡಿಸಿ ಬಿಡಿಸಿ ಕೂರಿಸುವ ಆ ಇನ್ನೊಂದು ಪ್ರೋಟೀನು, ಜಗಳವಾಡುವ ಮಕ್ಕಳ ನಡುವೆ ಅಮ್ಮ ಮಲಗಿದ ಹಾಗೆ, ನಿಮ್ಮಲ್ಲಿ ಅದು ಸುಸ್ತಾಗಲೇ ಇಲ್ಲವಾ, ನಮಗೆಲ್ಲ ನಲವತ್ತಕ್ಕೇ ಸುಸ್ತು —

ಗಡಿಯಾರ. ಏಳು. ಏಳು ನಿಮಿಷ! ನೋಡುತ್ತಾ ನಿಂತುಬಿಟ್ಟೆನಲ್ಲ, ಹದಿಮೂರು ವರ್ಷದ ಸರ್ವೀಸು, ಹೊಸಬರಿಗೆ ಮೂರು ನಿಮಿಷ ಮೂರು ನಿಮಿಷ ಎಂದು ಬೈಯುವವಳು, ಚಿಮಟ, ಬೇಗ, ಅಂಚು ಹಿಡಿ, ಮುಂಬದಿಯ ಸಾಲು ಸುಲಿದು ಬಂತು, ದ್ರಾವಣಕ್ಕೆ ಬಿತ್ತು, ಆದರೆ ಆ ನಾಲ್ಕು ನಿಮಿಷದಲ್ಲಿ ಎಷ್ಟು ಒಡೆದಿರಬಹುದು, ನಾನು ನೋಡಿದಷ್ಟೂ ಹೊತ್ತು ಅದು ಅಳಿಸಿಹೋಗುತ್ತಿತ್ತು, ಇದರ ಜೊತೆಯ ಇನ್ನೊಂದು ಕಣ್ಣಿನದು ತೆಗೆಯುವಾಗಲೇ ಹರಿದಿದೆಯಂತೆ, ಇರುವುದು ಇದೊಂದೇ, ನಮೂನೆಯ ಹಾಳೆಯಲ್ಲಿ ಖಾನೆ, ಹೊರಗಿದ್ದ ನಿಮಿಷ, ಮೂರು ಎಂದು ಬರೆದರೆ ಯಾರು ಕೇಳುತ್ತಾರೆ, ಕೋಣೆಯಲ್ಲಿ ನಾನೊಬ್ಬಳೇ, ಏಳು ಎಂದರೆ ಅಜ್ಜಿ ಕಸದ ಚೀಲಕ್ಕೆ, ಮೂರು ಎಂದರೆ, ಮೂರು ಎಂದರೆ ನಾಳೆ ಯಾವ ಜೀನ್ ತಗ್ಗಿದ್ದರೂ ತಗ್ಗಿದ್ದು ಅಜ್ಜಿಯ ಕಣ್ಣಲ್ಲೋ ನನ್ನ ಮೇಜಿನ ಮೇಲೋ ಯಾರಿಗೂ ಗೊತ್ತಾಗುವುದಿಲ್ಲ, ಅವರ ಬಾಯಿಗೆ ನನ್ನ ಸುಳ್ಳು ತುರುಕಿದ ಹಾಗೆ, ಪೆನ್ನು ಒತ್ತಿ ಬರೆದೆ, ಏಳು.

ಏಳಾ, ದೊಡ್ಡ ಮೇಡಂ ಹಾಳೆ ಹಿಡಿದು ನಿಂತಿದ್ದಾರೆ, ನೀವಾ, ಏನ್ರೀ ಆಯ್ತು, ನೋಡ್ತಾ ಇದ್ದೆ ಮೇಡಂ, ಏನನ್ನ, ಗೆರೆಗಳನ್ನ, ಫೋಟೋ ತೋರಿಸಿದೆ, ಅವರು ಕನ್ನಡಕ ಹಣೆಗೇರಿಸಿ ಬಗ್ಗಿದರು, ಬಗ್ಗಿದವರು ಏಳಲೇ ಇಲ್ಲ, ಆಮೇಲೆ ಮೆಲ್ಲಗೆ, ಎಂಬತ್ನಾಲ್ಕಾ, ಹೂಂ ಎಂದೆ, ಹಾಳೆಯಲ್ಲಿ ಏಳು ಹಾಗೇ ಇರಲಿ, ಕೆಟ್ಟಿದೆಯೋ ಇಲ್ವೋ ಮಿಷನ್ ಹೇಳಲಿ, ಹಾಕಿ — ಮಧ್ಯಾಹ್ನವೆಲ್ಲ ಅರೆದು, ತೊಳೆದು, ಸೋಸಿ, ಕೊನೆಗೆ ಒಂದು ಹನಿ, ಯಂತ್ರದ ಮುಂದೆ ಇಬ್ಬರೂ, ಸಂದೇಶ ಇಡಿಯಾಗಿದ್ದರೆ ಪರದೆಯ ಮೇಲೆ ಎರಡು ಗುಡ್ಡ ಏಳಬೇಕು, ಎರಡನೆಯದು ಮೊದಲನೆಯದಕ್ಕಿಂತ ಎತ್ತರ, ಒಡೆದಿದ್ದರೆ ಗುಡ್ಡವಿಲ್ಲ, ಬರೀ ಕುರುಚಲು, ಗೆರೆ ಹೊರಟಿದೆ, ಮಟ್ಟಸ, ಮಟ್ಟಸ, ಮೇಡಂ ನನ್ನ ಭುಜ ಹಿಡಿದಿದ್ದು ಅವರಿಗೇ ಗೊತ್ತಿಲ್ಲ, ಸಣ್ಣ ಕುರುಚಲು, ಅಯ್ಯೋ, ಇಲ್ಲ, ಮತ್ತೆ ಮಟ್ಟಸ, ಒಂದು ಗುಡ್ಡ, ಎದ್ದಿತು, ಇಳಿಯಿತು, ಉಸಿರು ಬಿಡಬೇಡ, ಎರಡನೆಯದು, ಏರುತ್ತಿದೆ, ಮೊದಲನೆಯದರ ಸಮಕ್ಕೆ ಬಂತು, ಇನ್ನೂ ಏರುತ್ತಿದೆ, ಎರಡನೆಯದು ಎತ್ತರ, ಮೇಡಂ, ಎರಡನೆಯದು, ಎತ್ತರ, ಎರಡನೆಯದು