ಡಬ್ಬಿಯಲ್ಲಿಲ್ಲದ ವರ್ಷ

"ಇದು ಮಾವಂದು, ಇದು ಮಾವನ ಅಪ್ಪಂದು, ಇದು ಇವರದು. ಹಂಗಾದ್ರೆ ಅತ್ತೇದು ಯಾವುದು?" ಎಂದು ಅತ್ತೆ ಹೇಳಿಕೊಟ್ಟ ಗುರುತಿನಂತೆ ಹಳೆಯ ನಾಣ್ಯಗಳನ್ನು ಎಣಿಸಿ ಸೊಸೆ ಕೇಳಿದಾಗ ಕಂಡಕ್ಟರ್ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕುವುದರಲ್ಲಿದ್ದ. ಮುಚ್ಚಳ ಹಿಡಿದ ಕೈ ಅಲ್ಲೇ ನಿಂತಿತು.

ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡದೆ ನಕ್ಕಳು. "ನಾನೇನು ಈ ಮನೇಲಿ ಹುಟ್ಟಿದೀನಾ ತಾಯಿ? ಹುಟ್ಟಿದೋರಿಗೆ ಕಾಸು, ಬಂದೋರಿಗೆ ಪಾತ್ರೆ" ಎಂದು ತೊಳೆದ ತಪ್ಪಲೆಯನ್ನು ಬೋರಲು ಹಾಕಿದಳು. ಮಗ ನಕ್ಕ, ಸೊಸೆಯೂ ನಕ್ಕಳು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಸೊಸೆಯ ತೊಡೆಯ ಮೇಲಿದ್ದ ಮಗುವೂ ಚಪ್ಪಾಳೆ ತಟ್ಟಿತು. ಕಂಡಕ್ಟರಿಗೆ ಮಾತ್ರ ನಗು ಬರಲಿಲ್ಲ. ಹೆಂಡತಿ ಆ ಮಾತನ್ನು ಆಗತಾನೇ ಯೋಚಿಸಿ ಹೇಳಿದ್ದಲ್ಲ, ಎಷ್ಟೋ ವರ್ಷದಿಂದ ಬಾಯಲ್ಲಿಟ್ಟುಕೊಂಡು ಯಾರಾದರೂ ಕೇಳಲಿ ಎಂದು ಕಾದಿದ್ದಳು ಎಂದು ಅವನಿಗೆ ಅನ್ನಿಸಿಬಿಟ್ಟಿತು.

ಡಬ್ಬಿ ಅವನ ಅಮ್ಮನ ಕಾಲದ್ದು, ಅದರೊಳಗೆ ಮೊದಲು ಬಿದ್ದದ್ದು ಅವಳ ಗಂಡ ಹುಟ್ಟಿದ ವರ್ಷದ ನಾಣ್ಯ. ಆಕೆ ಮಾರುಕಟ್ಟೆಯ ಮೂಲೆಯಲ್ಲಿ ಸೊಪ್ಪು ಮಾರುತ್ತಿದ್ದವಳು, ಅಕ್ಷರ ಬಾರದವಳು. ಮನೆಯಲ್ಲಿ ಮಗು ಹುಟ್ಟಿದರೆ ಆ ವರ್ಷದ ನಾಣ್ಯ ವ್ಯಾಪಾರದ ಚಿಲ್ಲರೆಯಲ್ಲಿ ಬರುವವರೆಗೂ ಗಿರಾಕಿಗಳಿಂದ ಓದಿಸಿ ಓದಿಸಿ ಹುಡುಕುತ್ತಿದ್ದಳು. ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಮಗನ ವಯಸ್ಸು ಕೇಳಿದರೆ ನಾಣ್ಯವನ್ನೇ ಮುಂದೆ ಹಿಡಿದು "ನೀವೇ ಓದ್ಕೊಳ್ಳಿ ಸ್ವಾಮಿ" ಎನ್ನುತ್ತಿದ್ದಳು. ಅವಳದು ಒಂದೇ ಕಟ್ಟಳೆ: ದುಡಿದ ಕೈಗೆ ತಾನಾಗಿ ಬಂದದ್ದು ಕಾಸು, ಕೊಂಡು ತಂದದ್ದು ಬರೀ ಸಾಮಾನು. ಕಂಡಕ್ಟರ್ ಆ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಿದ. ಮಗ ಹುಟ್ಟಿದ ವರ್ಷ ಬಸ್ಸಿನ ಚರ್ಮದ ಚೀಲಕ್ಕೆ ಬಿದ್ದ ಚಿಲ್ಲರೆಯನ್ನೆಲ್ಲ ಕೊನೆಯ ಸ್ಟಾಪಿನಲ್ಲಿ ಮಡಿಲಿಗೆ ಸುರಿದುಕೊಂಡು ಹುಡುಕಿದವನು ಅವನು. ಆದರೆ ಮೊಮ್ಮಗಳ ಹೊತ್ತಿಗೆ ಚೀಲವೂ ಇರಲಿಲ್ಲ, ಚಿಲ್ಲರೆಯೂ ಇರಲಿಲ್ಲ. ಜನ ಫೋನು ತೋರಿಸಿ ಬಸ್ಸು ಹತ್ತುವ ಕಾಲ. ಕಡೆಗೆ ಔಷಧದಂಗಡಿಯಲ್ಲಿ ಕೆಲಸ ಮಾಡುವ ಸೊಸೆಯ ಗಲ್ಲಾಪೆಟ್ಟಿಗೆಗೇ ಈ ವರ್ಷದ ನಾಣ್ಯವೊಂದು ಬಿತ್ತು. ಅದನ್ನು ಡಬ್ಬಿಗೆ ಹಾಕುವಾಗಲೇ ಅವಳು ಈ ಪ್ರಶ್ನೆ ಕೇಳಿದ್ದು.

ಸೊಸೆ ಪ್ರಶ್ನೆ ಕೇಳಿ ಸುಮ್ಮನಾಗುವ ಪೈಕಿಯಲ್ಲ. ಮಾರನೆಯ ದಿನ ಸಂಜೆ ಕೆಲಸದಿಂದ ಬಂದವಳೇ ಗಲ್ಲಾದಲ್ಲಿ ಸಿಕ್ಕ, ತಾನು ಹುಟ್ಟಿದ ವರ್ಷದ ನಾಣ್ಯವೊಂದನ್ನು ಡಬ್ಬಿಗೆ ಟಣ್ ಎಂದು ಎಸೆದಳು. "ನಾನೂ ಇದೇ ಮನೇಲಿ ತಾನೇ ಇರೋದು?" ಎಂದಳು. ಯಾರನ್ನೂ ಕೇಳಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಇಷ್ಟು ಸುಲಭವಿತ್ತೇ ಎಂದು ಕಂಡಕ್ಟರ್ ಬೆರಗಾದ. "ಒಳ್ಳೇದಾಯ್ತು ಬಿಡು" ಎಂದ ಹೆಂಡತಿ ಭಾನುವಾರ ನಿಂಬೆಸಿಪ್ಪೆ, ಬೂದಿ ತೆಗೆದುಕೊಂಡು ಎಲ್ಲ ನಾಣ್ಯಗಳನ್ನೂ ತಿಕ್ಕಲು ಕೂತಳು. ಮದುವೆಯಾಗಿ ಬಂದಾಗಿನಿಂದ ವರ್ಷಕ್ಕೊಮ್ಮೆ ಅವಳು ಮಾಡುವ ಕೆಲಸ ಅದು. ತಿಕ್ಕಿ ತಿಕ್ಕಿ ಹಳೆಯವುಗಳ ಮೇಲಿನ ಇಸವಿಯೇ ಅಳಿಸಿಹೋಗಿತ್ತು. ಕಂಡಕ್ಟರಿಗೆ ತನ್ನದು ಯಾವುದು, ಅಪ್ಪನದು ಯಾವುದು ಎಂದು ಗುರುತು ಸಿಗುತ್ತಿರಲಿಲ್ಲ. ಅವಳಿಗೆ ಹೆಬ್ಬೆರಳು ಸವರಿದರೆ ಸಾಕು. ಒಂದೊಂದನ್ನೂ ಒರೆಸಿ ಬಟ್ಟೆಯ ಮೇಲಿಟ್ಟಳು. ಈಗ ಮನೆಯಲ್ಲಿ ಎಲ್ಲರದೂ ಇತ್ತು, ತಿಕ್ಕುತ್ತಿದ್ದವಳದು ಮಾತ್ರ ಇರಲಿಲ್ಲ.

ಅಂದಿನಿಂದ ಕಂಡಕ್ಟರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಪೇಪರ್ ಹಿಡಿದರೆ ಅಕ್ಷರ ಓಡುತ್ತಿತ್ತು. ಹೆಂಡತಿಯ ನಾಣ್ಯವೊಂದನ್ನು ತಂದು ಆ ಡಬ್ಬಿಗೆ ಹಾಕುವವರೆಗೂ ತನಗೆ ನೆಮ್ಮದಿ ಇಲ್ಲ ಎಂಬುದು ಅವನಿಗೆ ಗೊತ್ತಾಯಿತು. ಆದರೆ ಯಾವ ವರ್ಷದ್ದು? ಅವಳ ಗುರುತಿನ ಕಾರ್ಡು ನೋಡೋಣವೆಂದರೆ ಅದರಲ್ಲಿದ್ದ ಇಸವಿ ಇವನೇ ಹುಟ್ಟಿಸಿದ್ದು. ಅಂದು ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಕೇಳಿದಾಗ "ನನಗಿಂತ ಐದು ವರ್ಷ ಕಮ್ಮಿ ಹಾಕ್ಕೊಳ್ಳಿ ಸಾರ್, ಡ್ಯೂಟಿಗೆ ಹೊತ್ತಾಯ್ತು" ಎಂದು ಬರೆಸಿದ್ದ. ಅವಳು ಪಕ್ಕದಲ್ಲೇ ನಿಂತಿದ್ದಳು. ಅವಳನ್ನೇ ಕೇಳಬಹುದಿತ್ತು, ನಿಜ. ಇಷ್ಟು ವರ್ಷ ಸಂಸಾರ ಮಾಡಿ, ಮೊಮ್ಮಗಳನ್ನು ಕಂಡು, ಈಗ ಹೋಗಿ "ನೀನು ಹುಟ್ಟಿದ್ದು ಯಾವಾಗ" ಎಂದು ಕೇಳುವುದೆಂದರೆ ಟಿಕೆಟ್ ಕೊಡದೆ ಊರೆಲ್ಲ ಸುತ್ತಿಸಿ ಕೊನೆಯ ಸ್ಟಾಪಿನಲ್ಲಿ ಟಿಕೆಟ್ ಹರಿದ ಹಾಗೆ. ಕಂಡಕ್ಟರಿಗೆ ಮುಖವಿರಲಿಲ್ಲ.

ಹಾಗಾಗಿ ಅವನು ಹೋದದ್ದು ಹೆಂಡತಿಯ ಅಕ್ಕನ ಮನೆಗೆ. ಎಲ್ಲರಿಗೂ ಆಕೆ ದೊಡ್ಡಕ್ಕ. ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಳು.

"ಏನಪ್ಪಾ ಕಂಡಕ್ಟ್ರೇ, ದಾರಿ ತಪ್ಪಿ ಬಂದ್ಯಾ?"

"ದೊಡ್ಡಕ್ಕ, ಇವಳು ಹುಟ್ಟಿದ್ದು ಯಾವ ಇಸವಿ?"

"ಇಸವಿ ಗಿಸವಿ ಯಾರಿಗಪ್ಪಾ ನೆನಪಿರುತ್ತೆ? ಏನು, ಪೆನ್ಷನ್‌ಗೆ ಬೇಕಾ?"

"ಹೂಂ, ಹಂಗೇ ಏನೋ ಒಂದು" ಎಂದ. ಕಾಲು ಅಲ್ಲಾಡಿಸುತ್ತಲೇ ಇದ್ದ.

ದೊಡ್ಡಕ್ಕ ಒಂದು ಅಂಗಿಯ ತೋಳು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ನನ್ನ ಸ್ಕೂಲು ಬಿಡಿಸಿದ್ದು ಮಾತ್ರ ನೆನಪಿದೆ ನೋಡು. ಮೂರನೇ ಕ್ಲಾಸು. ಹೊಸ ಕಟ್ಟಡ ಆಗಿತ್ತು, ಬಾಗಿಲ ಮೇಲೆ ದೊಡ್ಡದಾಗಿ ಇಸವಿ ಕೆತ್ತಿದ್ರು. ಅಮ್ಮ ಕೆಲಸಕ್ಕೆ ಹೋಗಬೇಕಲ್ಲ, ಮಗು ಎತ್ಕೊಳ್ಳೋಕೆ ಯಾರೂ ಇಲ್ಲ ಅಂತ ಅದೇ ವರ್ಷ ನನ್ನ ಬಿಡಿಸಿದ್ರು. ಹೊಸ ಬೆಂಚಿನ ವಾಸನೆ ಇನ್ನೂ ಮೂಗಲ್ಲಿದೆ. ಒಂದು ವಾರ ಕೂತಿದ್ನೋ ಇಲ್ವೋ."

"ಆ ಕಟ್ಟಡ ಈಗಲೂ ಇದೆಯಲ್ಲ?"

"ಇದೆ. ಕೂತ್ಕೋ, ಪೂರ್ತಿ ಕೇಳು. ಆ ಮಗು..."

ಕಂಡಕ್ಟರ್ ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. "ಇನ್ನೊಂದಿನ ಬರ್ತೀನಿ ದೊಡ್ಡಕ್ಕ" ಎಂದು ಮೆಟ್ಟಿಲಿಳಿದ. ಕಾಫಿ ಕೂಡ ಕುಡಿಯದೆ ಹೊರಟವನನ್ನು ಆಕೆ ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದಳು. ಆಯುಷ್ಯವೆಲ್ಲ ಬಸ್ಸನ್ನು ಸರಿಯಾದ ಹೊತ್ತಿಗೆ ಹೊರಡಿಸಿದವನು, ಪೂರ್ತಿ ಮಾತು ಕೇಳುವ ಅಭ್ಯಾಸ ಅವನಿಗೆ ಎಲ್ಲಿಂದ ಬರಬೇಕು. ನೇರ ಹೋಗಿ ನೋಡಿದರೆ ಶಾಲೆಯ ಬಾಗಿಲ ಮೇಲಿನ ಇಸವಿ ಸುಣ್ಣದ ಪದರಗಳ ಅಡಿಯಲ್ಲಿ ಮುಚ್ಚಿಹೋಗಿತ್ತು. ಕಾವಲುಗಾರ ಬೈದರೂ ಕೇಳದೆ ಗೋಡೆಯಂಚಿನ ಕಟ್ಟೆ ಹತ್ತಿ, ಕೈಯಿಂದ ತಡವಿ ತಡವಿ ಓದಿಕೊಂಡು ಬಂದ.

ಹಳೆಯ ಬಸ್‌ ನಿಲ್ದಾಣದ ಕಂಬಸಾಲಿನ ಕೆಳಗೆ ಹಳೇ ನಾಣ್ಯ ಮಾರುವವನೊಬ್ಬ ಕೂರುತ್ತಿದ್ದ. ಮುಂದೆ ಪ್ಲಾಸ್ಟಿಕ್ ಟಬ್ಬು, ಅದರ ತುಂಬ ಚಲಾವಣೆ ಕಳೆದುಕೊಂಡ ನಾಣ್ಯಗಳು. ಕಂಡಕ್ಟರ್ ಹೇಳಿದ ಇಸವಿ ಕೇಳಿ ಅವನು ಟಬ್ಬಿನಲ್ಲಿ ಕೈಯಾಡಿಸಿದ.

"ಆ ವರ್ಷದ್ದಾ? ಅಲ್ಯೂಮಿನಿಯಂದು, ಅಂಚು ಅಲೆ ಅಲೆಯಾಗಿರುತ್ತಲ್ಲ, ಅದು. ಇದರೊಳಗೆ ಎಲ್ಲೋ ಇರುತ್ತೆ. ಸಿಕ್ರೆ ಸುಮ್ನೆ ತಗೊಂಡ್ಹೋಗಿ ಯಜಮಾನ್ರೇ. ಅದಕ್ಕೇನು ಬೆಲೆ ಇಲ್ಲ."

"ಸುಮ್ನೆ ಬೇಡ."

"ಹಂಗಾದ್ರೆ ಏನಾದ್ರೂ ಕೊಡಿ."

"ಕೊಂಡ್ಕೊಳ್ಳೋದೂ ಬೇಡ."

ಮಾರುವವನು ಕತ್ತೆತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಸುಮ್ನೇನೂ ಬೇಡ, ದುಡ್ಡಿಗೂ ಬೇಡ. ಕದೀಬೇಕು ಅಂತಿದ್ರೆ ಹೇಳಿ, ಆ ಕಡೆ ತಿರುಗಿ ಕೂತ್ಕೋತೀನಿ."

ಕಂಡಕ್ಟರಿಗೆ ತಾನು ಹೇಳಬೇಕಾದ್ದು ಹೇಳಲು ಬಹಳ ಕಷ್ಟವಾಯಿತು. "ಕೆಲಸ ಏನಾದ್ರೂ ಇದ್ರೆ ಕೊಡಿ. ಕೂಲಿಯಾಗಿ ಕೊಡಿ ಅದನ್ನ."

ಕೆಲಸಕ್ಕೆ ಬರವಿರಲಿಲ್ಲ. ಈಗೀಗ ಜನ ಅಪ್ಪ ಅಮ್ಮಂದಿರು ಹುಟ್ಟಿದ ವರ್ಷದ ನಾಣ್ಯ ಕೇಳಿಕೊಂಡು ಬರುತ್ತಿದ್ದರು, ಉಡುಗೊರೆಗೆ. ಟಬ್ಬನ್ನು ಇಸವಿವಾರು ವಿಂಗಡಿಸಬೇಕಿತ್ತು. ಮಾರುವವನು ಒಂದು ಭೂತಗನ್ನಡಿ, ಕೂರಲು ರಟ್ಟಿನ ತುಂಡು ಕೊಟ್ಟ. ಕಂಡಕ್ಟರ್ ಕಂಬಕ್ಕೆ ಒರಗಿ ಕೂತ. ಮೊದಮೊದಲು ಹಳೆಯ ಗತ್ತಿನಲ್ಲೇ ಶುರುಮಾಡಿದ. ಆದರೆ ಬೆರಳು ಹೇಳಿದ್ದನ್ನು ಕಣ್ಣು ಒಪ್ಪುತ್ತಿರಲಿಲ್ಲ, ಮೂರು ಎಂಟಾಗುತ್ತಿತ್ತು, ಒಂದು ಏಳಾಗುತ್ತಿತ್ತು. "ಯಜಮಾನ್ರೇ, ಈ ಗುಂಪು ಪೂರ್ತಿ ತಪ್ಪು" ಎಂದು ಮಾರುವವನು ಒಮ್ಮೆ ಎಲ್ಲವನ್ನೂ ಮತ್ತೆ ಟಬ್ಬಿಗೆ ಸುರಿದ. ಕಂಡಕ್ಟರಿಗೆ ಎದ್ದು ಹೋಗಿಬಿಡಬೇಕು ಎನ್ನಿಸಿತು. ಹೋಗಲಿಲ್ಲ.

ಮಧ್ಯಾಹ್ನ ಡಿಪೋದ ಡ್ರೈವರೊಬ್ಬ ಗುರುತು ಹಿಡಿದು ನಿಂತ. "ಏನ್ ಸಾರ್, ಇಲ್ಲಿ? ಮಗ ಸರಿಯಾಗಿ ನೋಡ್ಕೋತಾ ಇಲ್ವಾ?" ಎಂದು ಮರುಗಿದ. ಅವನನ್ನು ಕಳಿಸಿಕೊಡುವಷ್ಟರಲ್ಲಿ ಕಂಡಕ್ಟರಿಗೆ ಸಾಕು ಸಾಕಾಯಿತು. ಕಿವಿ ಬಿಸಿಯಾಯಿತು. ಆದರೂ ಆಶ್ಚರ್ಯವೆಂದರೆ, ನಿವೃತ್ತಿಯಾದ ಮೇಲೆ ಅಂದು ಮೊದಲ ಸಲ ಕೈಗೆ ನಾಣ್ಯದ ವಾಸನೆ ಹತ್ತಿತ್ತು. ಎಷ್ಟು ಸಾವಿರ ಸಲ ಈ ಅಲೆಯಂಚಿನವು ತನ್ನ ಚೀಲದಲ್ಲಿ ಬಿದ್ದಿದ್ದವು, ಭಾರವೆಂದು ಬೈದುಕೊಂಡು ಡಿಪೋದ ಕೌಂಟರಿಗೆ ಸುರಿದು ಬಂದಿದ್ದ. ಅವುಗಳಲ್ಲಿ ಅವಳ ವರ್ಷದ್ದು ಎಷ್ಟಿದ್ದವೋ. ಒಂದು ಸಲವೂ ಹುಡುಕಬೇಕೆನಿಸಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಬಿಸಿಲು ಕಂಬಗಳನ್ನು ದಾಟಿ ಆಚೆ ಹೋದ ಹೊತ್ತಿಗೆ ನಾಣ್ಯ ಸಿಕ್ಕಿತು. ಹಗುರ, ಹೂವಿನೆಸಳಿನಷ್ಟೇ ತೂಕ. ಉಳಿದ ಟಬ್ಬನ್ನೂ ಮುಗಿಸಿಕೊಟ್ಟೇ ಎದ್ದ. ಮಾರುವವನು ಅದನ್ನು ಅಂಗೈಯಲ್ಲಿಟ್ಟು, "ತಗೊಳ್ಳಿ, ನಿಮ್ಮ ಕೂಲಿ" ಎಂದ. ತಮಾಷೆ ಮಾಡಲಿಲ್ಲ.

ಮನೆಗೆ ಬಂದಾಗ ಹೆಂಡತಿ ಮಗುವಿಗೆ ಹಾಲು ಬಿಸಿಗಿಟ್ಟಿದ್ದಳು. ಮಗ, ಸೊಸೆ ಇನ್ನೂ ಬಂದಿರಲಿಲ್ಲ. ಮಗು ಚಾಪೆಯ ಮೇಲೆ ಚಮಚ ಬಡಿಯುತ್ತಿತ್ತು.

"ಎಲ್ಲಿ ಹೋಗಿದ್ರಿ ಬೆಳಗ್ಗಿಂದ? ಊಟ ಇಲ್ಲ, ಫೋನ್ ಇಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು. ನಿಮ್ಮ ಕಾಲಿಗೇನು ಚಕ್ರ ಕಟ್ಕೊಂಡಿದೀರಾ?"

ಅವನು ಅವಳ ಒದ್ದೆ ಕೈ ಹಿಡಿದು ನಾಣ್ಯ ಇಟ್ಟ. ಅವಳು ದೀಪದ ಕೆಳಗೆ ಹಿಡಿದು ನೋಡಿದಳು. ಹೆಬ್ಬೆರಳಿನಿಂದ ಅಂಚು ಸವರಿದಳು.

"ಇದು ಯಾರದು?"

"ನಿಂದೇ. ಕೊಂಡ್ಕೊಂಡಿದ್ದಲ್ಲ, ದುಡಿದು ತಂದಿದ್ದು. ನೀನು ಹುಟ್ಟಿದ ವರ್ಷದ್ದು."

"ಯಾರು ಹೇಳಿದ್ರು?"

"ದೊಡ್ಡಕ್ಕ. ನಿನ್ನ ಎತ್ಕೊಳ್ಳೋಕೆ ಅಂತ ಅವಳ ಸ್ಕೂಲು ಬಿಡಿಸಿದ್ರಂತಲ್ಲ, ಆ ವರ್ಷ."

ಹೆಂಡತಿ ನಾಣ್ಯವನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. ಹಾಲಿನ ಅಂಚಿನಲ್ಲಿ ಗುಳ್ಳೆ ಏಳತೊಡಗಿತ್ತು, ಅವಳು ನೋಡಲಿಲ್ಲ.

"ನನ್ನ ಎತ್ಕೊಳ್ಳೋಕಲ್ಲ" ಎಂದಳು. "ನನಗಿಂತ ಮುಂಚೆ ಒಬ್ಬ ಅಣ್ಣ ಇದ್ದ. ಅವನನ್ನ ಎತ್ಕೊಳ್ಳೋಕೆ ಬಿಡಿಸಿದ್ದು. ನಡೆಯೋದು ಕಲಿಯೋ ಮುಂಚೆ ಜ್ವರ ಬಂದು ಹೋದ. ಅವನು ಹೋದ್ಮೇಲೇ ನಾನು. ಅಷ್ಟು ಹೊತ್ತಿಗೆ ಅಕ್ಕನ ಜಾಗದಲ್ಲಿ ಬೇರೆಯೋರು ಕೂತಿದ್ರು, ಅವಳು ಮತ್ತೆ ಸ್ಕೂಲಿಗೆ ಹೋಗಲೇ ಇಲ್ಲ."

ಕಂಡಕ್ಟರ್ ಅವಳನ್ನು ನೋಡಿದ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡಷ್ಟು ಹತ್ತಿರ ಬದುಕಿದ್ದರು, ಅವಳಿಗೆ ಒಬ್ಬ ಅಣ್ಣ ಇದ್ದ ಎಂಬುದು ಅವನಿಗೆ ಗೊತ್ತಿರಲಿಲ್ಲ.

"ನೀನು ಯಾವತ್ತೂ ಹೇಳಲೇ ಇಲ್ವಲ್ಲೇ."

"ನೀವು ಯಾವತ್ತು ಕೇಳಿದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಏನಾದರೂ ಮಾಡಬೇಕಲ್ಲ ಎಂದು ಗಡಿಬಿಡಿಯಿಂದ ಕೈ ಚಾಚಿದ. "ಕೊಡು ಇಲ್ಲಿ. ತಪ್ಪಾಯ್ತು. ಅವನು ಇನ್ನೂ ಅಂಗಡಿ ಎತ್ತಿರಲ್ಲ, ಓಡಿಹೋಗಿ ಬದಲಾಯಿಸ್ಕೊಂಡು ಬರ್ತೀನಿ."

ಅವಳು ಮುಷ್ಟಿ ಮುಚ್ಚಿ ಕೈಯನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಇದು ಇರಲಿ."

ಕಂಡಕ್ಟರ್ ಬಾಗಿಲವರೆಗೆ ಹೋದವನು ಚಪ್ಪಲಿ ಮೆಟ್ಟಲು ಒಂದು ಕಾಲೆತ್ತಿ, ಹಾಗೇ ನಿಂತ. ಆಮೇಲೆ ವಾಪಸು ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನೆಲದ ಮೇಲೆ ಕೂತ. ಮಗು ಚಮಚ ಬಡಿಯುವುದನ್ನು ಬಿಟ್ಟು ಅಂಬೆಗಾಲಿಟ್ಟು ಬಂದು ಅವನ ಮೊಣಕಾಲು ಹಿಡಿದುಕೊಂಡಿತು.

"ಹಂಗಾದ್ರೆ ನೀನು ಹುಟ್ಟಿದ್ದು ಯಾವಾಗ?" ಎಂದು ಕೇಳಿದ.

ಅವಳು ಮುಷ್ಟಿ ಬಿಚ್ಚದೆ ಇನ್ನೊಂದು ಕೈಯಲ್ಲಿ ಒಲೆ ಆರಿಸಿದಳು. ಮೂಲೆಯಲ್ಲಿದ್ದ ಮಣೆಯನ್ನು ಕಾಲಿನಿಂದಲೇ ಅವನ ಎದುರಿಗೆ ಸರಿಸಿಕೊಂಡು ಕೂತಳು.