ಹಸಿಗೈ ಸೊಸೆ

ಅತ್ತೆಯ ಹೆಗಲ ಮೇಲೆ ಎರಡನೇ ತಂಬಿಗೆ ನೀರು ಸುರಿಯುತ್ತಿದ್ದ ಕಲ್ಯಾಣಿಯ ಕೈ ಗಕ್ಕನೆ ನಿಂತಿತು. ಇವತ್ತು ಮಂಗಳವಾರ. ಉಪ್ಪಿನಕಾಯಿ ಹಾಕಿದ್ದು ಭಾನುವಾರ. ಅಂದರೆ ಇವತ್ತಿಗೆ ಮೂರನೇ ದಿನ.

"ಯಾಕ ನಿಂತಿ? ಹಾಕವ್ವಾ," ಎಂದಳು ರೇಣುಕಮ್ಮ. ಸತ್ತ ಅತ್ತೆ ಗೋಪಮ್ಮನ ತಂಗಿ ಅವಳು. ಸುದ್ದಿ ಕೇಳಿ ಕಲ್ಲೂರಿನಿಂದ ಮೊದಲ ಬಸ್ಸಿಗೇ ಬಂದಿದ್ದಳು. ಕಲ್ಯಾಣಿ ನೀರು ಹಾಕಿದಳು. ಮನಸ್ಸು ಮಾತ್ರ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಭರಣಿಯ ಹತ್ತಿರ ಹೋಗಿ ಕೂತುಬಿಟ್ಟಿತು.

ಮಾವಿನ ಹೋಳುಗಳಿಗೆ ಉಪ್ಪು, ಖಾರ, ಸಾಸಿವೆ ಪುಡಿ, ಎಣ್ಣೆ ಬೆರೆಸಿ ಬಾಯಿ ಕಟ್ಟಿಟ್ಟ ಮೇಲೆ ಮೂರನೇ ದಿನ ಬಿಚ್ಚಬೇಕು. ತಳದಿಂದ ಕಲಸಿ, ಹೋಳು ಮುಳುಗುವಷ್ಟು ಎಣ್ಣೆ ಹಾಕಬೇಕು. ತಪ್ಪಿದರೆ ಮೇಲಿನ ಹೋಳುಗಳಿಗೆ ಬೂಷ್ಟು ಹಿಡಿದು ಇಡೀ ಭರಣಿ ಕೆಡುತ್ತದೆ. ಮೂವತ್ತು ವರ್ಷ ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿದ ಗೋಪಮ್ಮ ಒಂದು ವರ್ಷವೂ ಈ ಮೂರನೇ ದಿನ ತಪ್ಪಿಸಿದವಳಲ್ಲ. ಈ ಸಲ, ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದವಳು ಏಳಲೇ ಇಲ್ಲ.

ಹೆಣದ ಮುಂದೆ ಕೂತು ಉಪ್ಪಿನಕಾಯಿಯ ಚಿಂತೆಯೇ ಎಂದು ಕಲ್ಯಾಣಿ ತನ್ನನ್ನೇ ಬೈದುಕೊಂಡಳು. ಬೈದರೆ ಹೋಗುವ ಚಿಂತೆಯೇ ಅದು? ಅತ್ತೆಯ ಕೈಯ ಕೊನೇ ಕೆಲಸ. ಕಲಸಿ ಉಳಿಸೋಣವೆಂದರೆ, ಆ ಭರಣಿ ಮುಟ್ಟಲು ಈ ಮನೆಯಲ್ಲಿ ಯಾರಿಗಾದರೂ ಹಕ್ಕಿಲ್ಲವೆಂದರೆ ಅದು ಅವಳಿಗೇ.

*

ಹನ್ನೊಂದು ವರ್ಷದ ಹಿಂದಿನ ಮಾತು. ಬಾಗಲವಾಡದಿಂದ ರಾಯಚೂರಿಗೆ ಸೊಸೆಯಾಗಿ ಬಂದು ತಿಂಗಳಾಗಿತ್ತು. ಉಣ್ಣಲು ಕೂತ ಗಂಡ ಕಿರಣಕುಮಾರ ಉಪ್ಪಿನಕಾಯಿ ಕೇಳಿದ. ಪಾತ್ರೆ ತೊಳೆಯುತ್ತಿದ್ದ ಕಲ್ಯಾಣಿ ಎದ್ದವಳೇ ಓಡಿ, ನೀರು ತೊಟ್ಟಿಕ್ಕುವ ಕೈಯಲ್ಲೇ ಭರಣಿಗೆ ಚಮಚ ಇಳಿಸಿದಳು. ಎಂಟು ದಿನಕ್ಕೆ ಭರಣಿ ತುಂಬ ಬಿಳಿ ಬೂಷ್ಟು.

ಗೋಪಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿತ್ತಲಲ್ಲಿ ಕುಣಿ ತೋಡಿ ಅಷ್ಟನ್ನೂ ಹುಗಿದಳು. ಭರಣಿಯನ್ನು ಬಿಸಿನೀರಲ್ಲಿ ತೊಳೆದು ನಾಲ್ಕು ದಿನ ಮಾಳಿಗೆಯ ಮೇಲೆ ಒಣಗಿಸಿದಳು. ಆಮೇಲೆ ಮನೆಗೆ ಬಂದವರಿಗೆಲ್ಲ ನಗುತ್ತ, "ನಮ್ಮ ಸೊಸಿ ಬಂಗಾರ. ಕೈ ಒಂದು ಹಸಿ," ಎನ್ನತೊಡಗಿದಳು. ಬೀರುವಿನ ಕೀಲಿ, ರೇಷನ್ ಕಾರ್ಡು, ತನ್ನ ಬಿಪಿ ಗುಳಿಗೆ, ಎಲ್ಲವನ್ನೂ ಸೊಸೆಗೆ ಒಪ್ಪಿಸಿದಳು. ಭರಣಿಯನ್ನು ಮಾತ್ರ ಮೇಲಿನ ಹಲಗೆಗೆ ಏರಿಸಿದಳು.

ಪ್ರತಿ ವರ್ಷ ಮೂರನೇ ದಿನ ಅವಳು ಮಾಳಿಗೆ ಹತ್ತಿ, ರಾಯಚೂರಿನ ಬಿಸಿಲಿಗೆ ಎರಡೂ ಅಂಗೈ ಒಡ್ಡಿ ನಿಲ್ಲುತ್ತಿದ್ದಳು. ವಸ್ತ್ರಕ್ಕೆ ಒರೆಸಿದರೆ ಸಾಲದಂತೆ, ಬೆರಳ ಸಂದಿಯ ಪಸೆಯೂ ಆರಬೇಕಂತೆ. ಕಲ್ಯಾಣಿ ಅಂಗಳದಲ್ಲಿ ನಿಂತು ನೋಡುತ್ತಿದ್ದಳು. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಸುಧಾರಿಸುವ ಟೀಚರಮ್ಮನಾದ ತನ್ನನ್ನು ಮನೆಯಲ್ಲಿ ಒಂದು ಭರಣಿಗೆ ನಂಬಲಿಲ್ಲವಲ್ಲ ಎಂಬ ನೋವು ಅವಳೊಳಗೆ ಹಾಗೇ ಉಳಿದಿತ್ತು.

*

ಬುದ್ಧವಂದನೆ ಹೇಳಿ, ಮಣ್ಣು ಮಾಡಿ ಬರುವಷ್ಟರಲ್ಲಿ ಎರಡು ಗಂಟೆಯಾಗಿತ್ತು. ಬಂದವರೆಲ್ಲ ತಲೆಗೆ ನೀರು ಹಾಕಿಕೊಂಡಿದ್ದರಿಂದ ಮನೆ ತೊಯ್ದು ತೊಪ್ಪೆಯಾಗಿತ್ತು. ಒಣಗಿದ ಟವೆಲ್ಲು ಒಂದೂ ಉಳಿದಿರಲಿಲ್ಲ. ಪಕ್ಕದ ಮನೆಯ ಮುಕರ್ರಂ ತಂದಿಟ್ಟ ಅನ್ನ ಸಾರು ಬಡಿಸುವಾಗ ರೇಣುಕಮ್ಮನ ಕಣ್ಣು ಭರಣಿಯ ಮೇಲೆ ಬಿತ್ತು. ಅದನ್ನು ಹೊರಗೆ ಚೆಲ್ಲಿ ಬಾ ಎಂದಳು. ಈಗ ಕಲಸಿದರೆ ಉಳಿಯುತ್ತದೆ ಎಂದು ಕಲ್ಯಾಣಿ ಮೆಲ್ಲಗೆ ಹೇಳಿದಳು.

"ಸತ್ತ ಮನಿ ಉಪ್ಪಿನಕಾಯಿ ಯಾರು ತಿಂತಾರವ್ವಾ? ಅದೂ ನಿನ್ನ ಕೈಲೆ ಕಲಸಿದ್ದು?"

ಕಿರಣಕುಮಾರ ಚಿಕ್ಕಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ತನ್ನ ತಟ್ಟೆ ನೋಡಿದ. ಗಂಡಸರಿಗೆ ಇಂಥ ಹೊತ್ತಿನಲ್ಲಿ ತಟ್ಟೆಯಷ್ಟು ಆಸರೆ ಇನ್ನೊಂದಿಲ್ಲ.

ಗೋಡೆಗೆ ಒರಗಿದ್ದ ಉಮಾದೇವಿ ತಲೆ ಎತ್ತಿದಳು. ಒಂದು ಕಾಲಕ್ಕೆ ಆ ಹಾಸ್ಟೆಲಿನಲ್ಲಿ ಗೋಪಮ್ಮನ ಅಡುಗೆ ಉಂಡು ಓದಿದವಳು, ಈಗ ಮಾನ್ವಿಯಲ್ಲಿ ಕಾಲೇಜು ಲೆಕ್ಚರರು.

"ನಾ ತಿಂತೀನ್ರಿ," ಎಂದಳು. "ಭಾನುವಾರ ಸಂಜಿಕ ಗೋಪವ್ವ ನನಗ ಫೋನ್ ಮಾಡಿದ್ಲು. ಮುಂದಿನ ತಿಂಗಳ ಉಪ್ಪಿನಕಾಯಿಗೆ ಬಾಟ್ಲಿ ತಗೊಂಡ್ ಬಾ ಅಂದ್ಲು. ಭುಜ ಏಳವಲ್ದು, ಮೂರನೇ ದಿನ ಸೊಸಿ ಕೈಲೇ ಕಲಸಸ್ತೀನಿ ಅಂದ್ಲು. ಆಕಿಗೆ ಹೇಳೀಯೇನವ್ವಾ ಅಂತ ನಾ ಕೇಳಿದ್ರ, ಈಗೇ ಹೇಳಿದ್ರ ಎರಡು ದಿನ ಅಂಜಿಕೋತ ಕುಂದರ್ತಾಳ, ಅವತ್ತೇ ಹೇಳ್ತೀನಿ ಅಂತ ನಕ್ಕಳು."

ಕಲ್ಯಾಣಿ ಬಡಿಸುವ ಸೌಟು ಕೆಳಗಿಟ್ಟಳು. ಸಾಬೂನು ಹಚ್ಚಿ ಕೈ ತೊಳೆದು ನೇರ ಮಾಳಿಗೆ ಹತ್ತಿದಳು. ಸುಡುವ ಬಿಸಿಲಲ್ಲಿ ಬೆರಳು ಅಗಲಿಸಿ, ಅಂಗೈ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿ ನಿಂತಳು. ಅಂಗಳದಲ್ಲಿದ್ದ ನೆಂಟರು ಸೊಸೆಗೆ ತಲೆ ಕೆಟ್ಟಿತೇ ಎಂದು ಮುಖ ಮುಖ ನೋಡಿಕೊಂಡರು. ಚರ್ಮ ಬಿಗಿಯುವ ತನಕ ಅವಳು ಇಳಿಯಲಿಲ್ಲ.

ಕಿರಣಕುಮಾರ ಭರಣಿ ಇಳಿಸಿಕೊಟ್ಟ. ಅದನ್ನು ಎಡಗೈಯಲ್ಲಿ ಅಪ್ಪಿ ಹಿಡಿದು, ಕಟ್ಟು ಬಿಚ್ಚಿ, ಬಲಗೈಯನ್ನು ತಳದವರೆಗೆ ಇಳಿಸಿದಳು. ಸಾಸಿವೆಯ ಘಾಟು ಭಪ್ಪೆಂದು ಮುಖಕ್ಕೆ ಹೊಡೆಯಿತು. ಅತ್ತೆಯ ಸೆರಗಿನ ವಾಸನೆಯೇ ಅದು. ನಿನ್ನೆಯಿಂದ ನೀರು ತರುವುದು, ಚಾಪೆ ಹಾಸುವುದು, ಬಡಿಸುವುದು ಎಂದು ಓಡಾಡಿದ ಕಲ್ಯಾಣಿಗೆ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ಈಗ ಬಂತು ನೋಡಿ ಅಳು, ತಡೆಯಲಾಗದಂಥದು. ಒರೆಸಿಕೊಳ್ಳೋಣವೆಂದರೆ ಕೈ ತುಂಬ ಖಾರ. ಮುಖವನ್ನು ಭುಜಕ್ಕೆ ಹೊರಳಿಸಿದಳು. ಆದರೂ ಒಂದು ಹನಿ ಜಾರಿ ಗದ್ದಕ್ಕೆ ಬಂದು ನಿಂತಿತು, ಭರಣಿಯ ಬಾಯಿಗೆ ಸರಿಯಾಗಿ ಮೇಲೆ.

"ತಡಿ, ತಡಿ!" ಎನ್ನುತ್ತ ರೇಣುಕಮ್ಮ ಎದ್ದು ಬಂದಳು. ಸೆರಗಿನ ಒಣಗಿದ ತುದಿ ಹುಡುಕಿ ಕಲ್ಯಾಣಿಯ ಗದ್ದದ ಕೆಳಗೆ ಒಡ್ಡಿದಳು. "ನೀ ಕಲಸವ್ವಾ. ಒಂದು ಹನಿನೂ ಬೀಳಗೊಡಂಗಿಲ್ಲ ನಾ."

ಕಲ್ಯಾಣಿ ಅಳುತ್ತಲೇ ಕಲಸಿದಳು. ಉಮಾದೇವಿ ಎಣ್ಣೆ ಸುರಿದಳು. ರೇಣುಕಮ್ಮನ ಸೆರಗು ತೊಯ್ಯುತ್ತ ಹೋಯಿತು, ಭರಣಿಯೊಳಗೆ ಎಣ್ಣೆ ಹೋಳುಗಳ ಮೇಲಕ್ಕೆ ಏರಿ ನಿಂತಿತು.