ಮಂಗ್ಯಾನ ಡಬ್ಬಿಗೆ ಬೀಳದ ಸ್ಪ್ರಿಂಗು

ನನಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದರೆ ನಾನು ಇಲ್ಲ ಅನ್ನುವವಳಲ್ಲ. ಹೌದು, ಹೊಟ್ಟೆಕಿಚ್ಚೇ. ಅರವತ್ತು ದಾಟಿದ ಹೆಂಗಸಿಗೆ ಇದೆಂಥ ಚಟ ಅಂತ ನಗುವವರು ನಗಲಿ. ಆ ಜಮಖಂಡಿ ಬಾಯಿ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದು, "ಗುರೂ, ಗುರ್ತು ಸಿಕ್ತೇನೋ?" ಅಂತ ನನ್ನ ಗಂಡನನ್ನು ಕೇಳಿದಾಗ, ಅವರೂ ನನ್ನ ಜಾಗದಲ್ಲಿ ನಿಂತು ನೋಡಬೇಕಿತ್ತು. ಊರಿಗೆಲ್ಲ ನನ್ನ ಗಂಡ ಗುರುಸಿದ್ದಪ್ಪ. ನನಗೆ ಬರೀ 'ಇವರು'. ಮದುವೆಯಾದಾಗಿನಿಂದ ನಾನು ಒಂದು ದಿನವೂ ಗಂಡನ ಹೆಸರು ಹಿಡಿದಿಲ್ಲ. ಈಕೆ ಬಂದವಳೇ ಗುರೂ ಅಂದಳು.

ನಮ್ಮದು ಮುಧೋಳದಲ್ಲಿ ಬಂದೂಕು ರಿಪೇರಿ ಅಂಗಡಿ. ಲೈಸೆನ್ಸು ಮೊದಲು ನನ್ನ ಅಪ್ಪ ಶಿವಯೋಗೆಪ್ಪನ ಹೆಸರಿಗೆ ಇತ್ತು, ಅವನ ನಂತರ ಇವರ ಹೆಸರಿಗೆ ಆಯಿತು. ಕಬ್ಬಿಗೆ ಹಂದಿ ಬೀಳುವ ಕಾಲಕ್ಕೆ ಲೋಕಾಪುರ, ರನ್ನ ಬೆಳಗಲಿ ಕಡೆಯ ರೈತರು ಬರುತ್ತಾರೆ. ದಸರೆಯಲ್ಲಿ ಆಯುಧ ಪೂಜಿಸುವ ಖಂಡೇ ಪೂಜೆ ಹತ್ತಿರ ಬಂತೆಂದರೆ ಬಂದೂಕು ಇದ್ದವರೆಲ್ಲ ಬರುತ್ತಾರೆ. ಖರೆ ಹೇಳಬೇಕೆಂದರೆ ಅರ್ಧ ಕೆಲಸ ಬಂದೂಕಿನದಲ್ಲ, ಮನೆಯಲ್ಲೇ ಕೂತು ಅದನ್ನು ರಿಪೇರಿ ಮಾಡಿದ ಜಾಣರದು. ಮುರಿದ ಪಿನ್ನಿನ ಜಾಗದಲ್ಲಿ ಸೈಕಲ್ ಕಡ್ಡಿ ತುರುಕಿರುತ್ತಾರೆ, ಸ್ಕ್ರೂ ಕಳೆದರೆ ಬಾಗಿಲಿನ ಮೊಳೆ ಬಡಿದಿರುತ್ತಾರೆ. ಇಂಥದ್ದನ್ನೆಲ್ಲ ಕಿತ್ತು ಹಾಕಲು ಅಪ್ಪ ಒಂದು ಬಿಸ್ಕಿಟ್ ಡಬ್ಬಿ ಇಟ್ಟಿದ್ದ. ಅದಕ್ಕೆ ಮಂಗ್ಯಾನ ಡಬ್ಬಿ ಅಂತ ಹೆಸರು. ಗಿರಾಕಿಯ ಎದುರಿಗೇ ಸಾಮಾನು ಹೊರತೆಗೆದು, "ಯಾವ ಮಂಗ್ಯಾ ಮಾಡಿದ್ದಲೇ ಇದನ್ನ?" ಅಂತ ಬೈದು, ಖಣ್ಣಂತ ಡಬ್ಬಿಗೆ ಒಗೆಯಬೇಕು. ಅದು ನಮ್ಮ ಅಂಗಡಿಯ ರಿವಾಜು. ಇವರೂ ತಪ್ಪದೆ ನಡೆಸಿಕೊಂಡು ಬಂದಿದ್ದರು.

ಬಾಯಿಯ ಹೆಸರು ಅಲಕಾ. ಬೆಳ್ಳಗಾದ ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಹುಬ್ಬಿನ ಮೇಲೆ ಅಕ್ಕಿಕಾಳಿನಷ್ಟು ಒಂದು ಹಳೇ ಗಾಯದ ಕಲೆ. ಅವಳ ತಂದೆ ಬನಹಟ್ಟಿಯ ಯಾವುದೋ ಮಿಲ್ಲಿನಲ್ಲಿ ಮ್ಯಾನೇಜರಾಗಿದ್ದರಂತೆ. ಹೋದ ವರ್ಷ ತೀರಿಕೊಂಡ ಮೇಲೆ ರೈಫಲ್ಲಿನ ಲೈಸೆನ್ಸು ಇವಳ ಹೆಸರಿಗಾಗಿದೆ. ಪಾಯಿಂಟ್ ಟೂಟೂ ರೈಫಲ್ಲು. ತೋಟಾದ ನಡುವೆ ಅಲ್ಲ, ಅಂಚಿಗೆ ಪಿನ್ನು ಬಡಿದರೆ ಹಾರುವ ಜಾತಿ.

"ನಲವತ್ತು ವರ್ಷ ಕಪಾಟಿನ್ಯಾಗ ಕೂತದ, ಗುರೂ. ಖಂಡೇ ಪೂಜಿಗೆ ಅಪ್ಪನ ಫೋಟೋದ ಮುಂದ ಇಡಬೇಕು. ಆಮ್ಯಾಲ ಒಮ್ಮೆರೆ ಹೊಡೀಬೇಕಂತ ಆಸೆ ಅದ" ಅಂದಳು.

ಇವರು ರೈಫಲ್ಲಿನ ಬೋಲ್ಟು ಬಿಚ್ಚಿದರು. ಒಳಗಿಂದ ಒಂದು ದಪ್ಪ ಸ್ಪ್ರಿಂಗು ಜಿಗಿದು ಬಂತು. ರೈಫಲ್ಲಿನದು ಅಲ್ಲವೇ ಅಲ್ಲ, ಎಷ್ಟೋ ಬಿರುಸು. ಈಗ ಬೈಗುಳ ಬರುತ್ತದೆ ಅಂತ ನಾನು ಡಬ್ಬಿಯ ಮುಚ್ಚಳ ತೆಗೆದು ಹಿಡಿದೆ. ಇವರು ಬೈಯಲಿಲ್ಲ. ಸ್ಪ್ರಿಂಗನ್ನು ಸದ್ದಿಲ್ಲದೆ ಅಂಗಿಯ ಕಿಸೆಗೆ ಇಳಿಸಿಕೊಂಡರು.

"ಕೆಲಸ ಭಾಳ ಐತ್ರಿ" ಅಂದರು.

"ನಿನಗ ಗೊತ್ತಿರಲಾರದ್ದೇನು?" ಅಂತ ಆಕೆ ನಕ್ಕಳು.

ನಾನು ಚಹಾ ತಂದುಕೊಟ್ಟೆ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇವರೇನು ನಿನ್ನ ಹೆಂಡ್ತಿ? ಛಲೋ ಅದಾರ" ಅಂದಳು. ಸಂತೆಯಲ್ಲಿ ಎಮ್ಮೆ ನೋಡಿದ ಹಾಗೆ! ನನ್ನ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಬಾಯಿಯ ಕಾರು ದಿನ ಬಿಟ್ಟು ದಿನ ಜಮಖಂಡಿಯಿಂದ ಬರತೊಡಗಿತು. ಕೆಲಸ ಎಲ್ಲಿಗೆ ಬಂತು ನೋಡಲಿಕ್ಕೆ ಅಂತ ನೆವ. ವಾರಕ್ಕೊಮ್ಮೆ ದಾಡಿ ಮಾಡಿಕೊಳ್ಳುವ ನನ್ನ ಗಂಡ ದಿನಾ ದಾಡಿ ಮಾಡತೊಡಗಿದರು. ಬೇರೆಯವರ ಬಂದೂಕೆಲ್ಲ ಮೂಲೆಗೆ ಬಿದ್ದವು. ಆ ರೈಫಲ್ಲಿನ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುತ್ತಾ ಕೂತರೆ ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ. "ರೊಟ್ಟಿ ಆರಾಕತ್ತಾವು" ಅಂದರೆ, "ಹೂಂ, ಬಂದ್ನಿ" ಅಂದು ಅಲ್ಲೇ ಇರುತ್ತಿದ್ದರು. ಆರಲಿ, ನನಗೇನು? ಒಣ ರೊಟ್ಟಿಯನ್ನೇ ತಿನ್ನಿಸಿದೆ.

ಒಂದು ದಿನ ಅಂಗಿ ಒಗೆಯಲು ತೆಗೆದುಕೊಂಡಾಗ ಕಿಸೆಯಲ್ಲಿ ಆ ಸ್ಪ್ರಿಂಗು ಸಿಕ್ಕಿತು. ನಾನು ಬಂದೂಕಿನ ಮನೆಯಲ್ಲಿ ಹುಟ್ಟಿದವಳು. ಬಿಸಿಲಿಗೆ ಹಿಡಿದು ನೋಡಿದೆ. ಅದು ಪಾವರ್‌ಲೂಮಿನ ಸ್ಪ್ರಿಂಗು, ಬನಹಟ್ಟಿಯ ಮಗ್ಗದ್ದು. ಉದ್ದ ಕತ್ತರಿಸಿ, ತುದಿಯನ್ನು ಅರದಿಂದ ಸವರಿದ್ದರು. ಅರದ ಗೆರೆಗಳು ಉಲ್ಟಾ ವಾಲಿದ್ದವು. ಎಡಗೈಯವನ ಕೆಲಸ.

ನನ್ನ ಗಂಡ ಎಡಚರು. ನಮ್ಮ ಅಂಗಡಿಗೆ ಬರುವ ಮೊದಲು ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು.

ನಾನು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಒಂದು ಕಥೆಯಿತ್ತು. ಇವರು ಹುಡುಗನಾಗಿದ್ದಾಗ ಬಂದು ನಮ್ಮ ಬಾಗಿಲಲ್ಲಿ ನಿಂತು, ಬಂದೂಕಿನ ಕೆಲಸ ಕಲಿಸ್ರಿ, ಹೇಳಿದ್ದು ಮಾಡತೇನಿ ಅಂದಾಗ ನೀರು ಕೊಟ್ಟವಳು ನಾನು. "ಬಂದೂಕಿಂದೆಲ್ಲ ನೆವ. ನಮ್ಮ ಭಾಗವ್ವನ್ನ ಎಲ್ಲೋ ನೋಡ್ಯಾನ, ಅದಕ್ಕ ಬಂದಾನ" ಅಂತ ಅಪ್ಪ ನಗುತ್ತಿದ್ದ. ಇವರು ಒಮ್ಮೆಯೂ ಅಲ್ಲ ಅಂದಿರಲಿಲ್ಲ. ನಾನೇನು ರೂಪವಂತೆಯಲ್ಲ, ಹಲ್ಲು ಉಬ್ಬು, ಬಣ್ಣ ಕಪ್ಪು. ನೋಡಲು ಬಂದ ಗಂಡುಗಳೆಲ್ಲ ಅವಲಕ್ಕಿ ತಿಂದು ಎದ್ದುಹೋಗಿದ್ದರು. ಆದರೆ ಒಬ್ಬ ಗಂಡಸು ನನ್ನ ಸಲುವಾಗಿ ಊರು ಬಿಟ್ಟು ಬಂದ ಅನ್ನುವ ಒಂದು ಮಾತು ನನ್ನದಾಗಿತ್ತು. ಅದೊಂದನ್ನು ಇಟ್ಟುಕೊಂಡೇ ನಾನು ಓಣಿಯಲ್ಲಿ ತಲೆಯೆತ್ತಿ ತಿರುಗಿದ್ದೆ.

ಒದ್ದೆ ಕೈಯಲ್ಲೇ ಅಂಗಡಿಗೆ ನಡೆದೆ. ಇವರು ಲೇಥಿನ ಮುಂದೆ ಬಗ್ಗಿದ್ದರು. ಸ್ಪ್ರಿಂಗನ್ನು ಅವರ ಎದುರಿಗೆ ಎಸೆದೆ.

"ಗುರುಸಿದ್ದಾ! ಯಾವ ಮಂಗ್ಯಾ ಮಾಡಿದ್ದಲೇ ಇದನ್ನ?"

ನನ್ನ ಬಾಯಿಂದ ಆ ಹೆಸರು ಕೇಳಿ ಅವರು ಲೇಥು ಬಂದ್ ಮಾಡಿದರು. "ನಾನ" ಅಂದರು.

ಆಮೇಲೆ ಒಂದೊಂದಾಗಿ ಹೇಳಿದರು. ಮಿಲ್ಲಿನ ಮ್ಯಾನೇಜರರ ಮಗಳಿಗೆ ಗುರಿ ಹೊಡೆಯುವ ಹುಚ್ಚು. ತಂದೆಗೆ ಗೊತ್ತಿಲ್ಲದೆ ರೈಫಲ್ಲು ತೆಗೆದು ಆಡುತ್ತಿದ್ದಳು. ಸ್ಪ್ರಿಂಗು ಸಡಿಲಾದಾಗ ಮಿಲ್ಲಿನಲ್ಲಿದ್ದ ಈ ಹುಡುಗನ ಕೈಗೆ ಕೊಟ್ಟಳು. ಇವರು ಮಗ್ಗದ ಸ್ಪ್ರಿಂಗು ಹಾಕಿದರು. ಅದರ ಬಿರುಸಿಗೆ ಪಿನ್ನು ಬಡಿದೂ ಬಡಿದೂ ತೋಟಾ ಕೂರುವ ಗೂಡಿನ ಅಂಚು ತಗ್ಗು ಬಿದ್ದು, ಲೋಹ ಒಳಕ್ಕೆ ಉಬ್ಬಿ ತೋಟಾ ಒಳಗೆ ಹೋಗದಾಯಿತು. ತೋಟಾ ಒಳಗೆ ಹೋಗಲಿ ಅಂತ ಆ ಅಂಚನ್ನು ಅರದಿಂದ ಉಜ್ಜಿ ಸಡಿಲ ಮಾಡಿದರು. ಮುಂದಿನ ಸಲ ಹೊಡೆದಾಗ ತೋಟಾ ಅಲ್ಲೇ ಒಡೆದು, ಹಿತ್ತಾಳೆಯ ಚೂರು ಹುಡುಗಿಯ ಹುಬ್ಬಿಗೆ ಹಾರಿತು.

"ನಾನ ಹಾಳ ಮಾಡೇನಿ ಅಂತ ಅಪ್ಪಗ ಹೇಳಿ ಹೊಡ್ತಾ ತಿಂದಳು. ನನ್ನ ಹೆಸರ ತಗೀಲಿಲ್ಲ. ರಿಪೇರಿ ಕಲತ ಬಂದು ಮಾಡಿಕೊಡತೇನಿ ಅಂತ ಮಾತ ಕೊಟ್ಟ ಇಲ್ಲಿಗೆ ಬಂದ್ನಿ."

"ಅಂದ್ರ ನನ್ನ ನೋಡಿ ಬಂದಿದ್ದಲ್ಲ."

"ಅಲ್ಲ."

ಸುಳ್ಳಾದರೂ ಹೇಳಬಾರದೇ, ಮನುಷ್ಯ? ನಾನು ಅತ್ತೆ, ಬೈದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆಯ ಹಿಂದೆಯೇ ಹೋಗಬೇಕಿತ್ತು, ನನ್ನ ಕೊರಳಿಗೆ ಯಾಕೆ ಗಂಟುಬಿದ್ದಿರಿ ಅಂದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಎದುರಿಗೆ ಆ ನಳಿಗೆ ಲೇಥಿಗೆ ಕಚ್ಚಿಕೊಂಡಿತ್ತು. ಅರ ತಿಂದ ಜಾಗ ದಾಟುವವರೆಗೆ ಹಿಂಬದಿಯನ್ನು ಹೆರೆದು, ತೋಟಾದ ಗೂಡನ್ನು ಹೊಸದಾಗಿ ಕೊರೆಯುತ್ತಿದ್ದರು. ಥೇಟ್ ಅಪ್ಪನ ಕೈಯ ಕೆಲಸ. ಅದನ್ನು ನೋಡುತ್ತಲೇ ನನ್ನ ಅಳು ನಿಂತಿತು.

"ಇದನ್ನ ಅಪ್ಪ ನಿಮಗ ಲಗ್ನದಕಿಂತ ಮದಲ ಕಲಿಸಿದ್ದ. ನಾ ಇಲ್ಲೇ ನಿಂತ ನೋಡೇನಿ. ಮತ್ತ ಅವಾಗ್ಲೇ ಹೋಗಿ ಯಾಕ ಮಾಡಿಕೊಡಲಿಲ್ಲ?"

ಅವರು ಕೈಯೊರೆಸಿಕೊಂಡರು. "ಮಾಡಿಕೊಟ್ಟಿದ್ರ ನಾ ಬಂದ ಕೆಲಸ ಮುಗೀತಿತ್ತು. ಹೋಗಪಾ ಇನ್ನ ಅಂತಿದ್ದ ನಿಮ್ಮಪ್ಪ. ನನಗ ಹೋಗೂ ಮನಸ್ಸ ಇರಲಿಲ್ಲ."

"ಯಾಕ?"

"ನೀರ ಕೊಟ್ಟಾಕಿ ಇಲ್ಲಿದ್ಲಲ್ಲ." ಮತ್ತೆ ಲೇಥಿನ ಕಡೆ ತಿರುಗಿ, "ಆ ಹುಡುಗಿಗೆ ಕೊಟ್ಟ ಮಾತ ಮಾತ್ರ ಹಂಗ ಉಳೀತು. ಅಕೀಗೆ ಅನ್ಯಾಯ ಆತು, ಭಾಗವ್ವ" ಅಂದರು.

ನಾನು ಒಳಗೆ ಹೋಗಿ ಬಿಸಿ ರೊಟ್ಟಿ ಬಡಿದೆ. ಹೋಗುವಾಗ ಸ್ಪ್ರಿಂಗನ್ನು ಎತ್ತಿಕೊಂಡಿದ್ದೆ.

ಖಂಡೇ ಪೂಜೆಯ ಮುನ್ನಾದಿನ ಬಾಯಿ ರೈಫಲ್ಲು ಒಯ್ಯಲು ಬಂದಳು. ಬೋಲ್ಟು ಹಿಂದೆ ಮುಂದೆ ಎಳೆದು ನೋಡಿದಳು. ಎಲ್ಲೂ ಕಚ್ಚಲಿಲ್ಲ. ಅವಳ ಕಣ್ಣು ಒದ್ದೆಯಾಗಿದ್ದವು.

"ತಡಾ ಆತ್ರಿ" ಅಂದರು ಇವರು.

"ಆತು ಬಿಡು" ಅಂದಳು. ರೈಫಲ್ಲನ್ನು ಕೆಳಗಿಟ್ಟು, "ಒಳಗಿತ್ತಲ್ಲ ಆ ಮಗ್ಗದ ಸ್ಪ್ರಿಂಗು, ಅದನ್ನ ನನಗ ಕೊಡು, ಗುರೂ. ನೀ ಅವಾಗ ಮಾಡಿಕೊಟ್ಟಿದ್ದು ಅದೊಂದ ನನ್ನ ಹತ್ರ ಉಳಿದಿತ್ತು."

ಇವರು ನನ್ನ ಮುಖ ನೋಡಿದರು.

"ಅಯ್ಯ ಬಾಯಾರ, ಅದನ್ನ ಮಂಗ್ಯಾನ ಡಬ್ಬ್ಯಾಗ ಒಗದೇನ್ರಿ" ಅಂದೆ.

ಆಕೆ ಡಬ್ಬಿಯನ್ನು ಮುಂದಕ್ಕೆ ಎಳೆದುಕೊಂಡು ಹುಡುಕಲು ಕೂತಳು. ತುಕ್ಕು ಹಿಡಿದ ಮೊಳೆ, ಕಡ್ಡಿಗಳ ನಡುವೆ ಬೆರಳಾಡಿಸುತ್ತ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಬೆರಳೆಲ್ಲ ಕೆಂಪಾದವು. ಇವರು ಬಾಗಿಲ ಕಡೆ ಮುಖ ತಿರುಗಿಸಿ ನಿಂತರು. ನನಗೆ ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೂ ನಾನು ಸೆರಗಿನ ಗಂಟಿನಲ್ಲಿದ್ದ ಸ್ಪ್ರಿಂಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ಸಿಕ್ಕತೇನ್ರಿ?" ಅಂತ ಕೇಳಿದೆ.